ಬಡಾವಣೆಯ ಸ್ವರೂಪ ಕೆಡಿಸಿದವರು ಯಾರು?

ನಮ್ಮ ಸಂಘದ ಕಳೆದ ರಾಜ್ಯೋತ್ಸವದ ರಾತ್ರಿ ಊಟದ ಪಂಕ್ತಿಯಲ್ಲಿ ಕಿವಿಗೆ ಬಿದ್ದ ಮಾತೊಂದು ಈ ಲೇಖನಕ್ಕೆ ಕಾರಣ. ಯರವಡಾದ ಬಳಿ ಬಹುಕಾಲದಿಂದ ಸ್ವಂತ ಮನೆಯಲ್ಲಿರುವ ಹಿರಿಯರೊಬ್ಬರು, ತಮ್ಮ ಮನೆಯ ಹಿಂಬದಿಯಲ್ಲಿ ಝೋಪಡಪಟ್ಟಿಯವರಿಗಾಗಿ ಎದ್ದಿರುವ ಹನ್ನೊಂದು ಅಂತಸ್ತಿನ ಕಟ್ಟಡವನ್ನು ಕುರಿತು, "ಎಲ್ಲಿಂದಲೋ ಬಂದವರಿಗೆ ಸರಕಾರ ಪುಕ್ಕಟೆ ಮನೆ ಕೊಟ್ಟು ಬಡಾವಣೆಯ ಸ್ವರೂಪವನ್ನೇ ಕೆಡಿಸಿತು, ತೆರಿಗೆ ಕಟ್ಟುವವರು ಮಾತ್ರ ನಾವು" ಎಂದರು. ಪಂಕ್ತಿಯಲ್ಲಿದ್ದ ಹೆಚ್ಚಿನವರು ತಲೆದೂಗಿದರು. ನಾನೂ ಹೋಳಿಗೆ ತಿನ್ನುತ್ತ ಸುಮ್ಮನಿದ್ದೆ. ಆ ಮೌನ ಆಮೇಲೆ ಬಹಳ ದಿನ ನನ್ನನ್ನು ಕಾಡಿತು. ಆ ಹಿರಿಯರ ಬಗ್ಗೆ ನನಗೆ ಗೌರವವಿದೆ. ನನ್ನ ಜಗಳವಿರುವುದು ಆ ಒಂದು ವಾಕ್ಯದೊಡನೆ. ಪುಣೆಯ ಮಧ್ಯಮವರ್ಗದ ಕನ್ನಡಿಗರಾದ ನಾವು ಅನೇಕರು ಬೇರೆ ಬೇರೆ ಸಂದರ್ಭಗಳಲ್ಲಿ ಆಡಿರುವ ವಾಕ್ಯವೇ ಅದು. ಅದರಲ್ಲಿ ಮೂರು ಆರೋಪಗಳಿವೆ: ಅವರು ಎಲ್ಲಿಂದಲೋ ಬಂದವರು, ಅವರಿಗೆ ಮನೆ ಪುಕ್ಕಟೆಯಾಗಿ ಸಿಕ್ಕಿದೆ, ಅವರಿಂದ ಬಡಾವಣೆಯ ಸ್ವರೂಪ ಕೆಟ್ಟಿದೆ. ಮೂರನ್ನೂ ಒಂದೊಂದಾಗಿ ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಎಲ್ಲಿಂದಲೋ ಎಂದರೆ ಎಲ್ಲಿಂದ? ಯರವಡಾದ ಪಕ್ಕದಲ್ಲಿ ಹರಿಯುವ ಮುಳಾ-ಮುಠಾ ನದಿ ಮುಂದೆ ಭೀಮೆಯನ್ನು ಕೂಡುತ್ತದೆ. ಭೀಮೆ ಸೊಲ್ಲಾಪುರ ಜಿಲ್ಲೆಯನ್ನು ಹಾದು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ನೆಲವನ್ನು ಮುಟ್ಟಿ ಕೃಷ್ಣೆಯನ್ನು ಸೇರುತ್ತದೆ. ನೀರು ಇಳಿದುಹೋದ ದಾರಿಯಲ್ಲೇ ಜನ ಮೇಲೇರಿ ಬಂದಿದ್ದಾರೆ. 1972ರ ಬರಗಾಲದಲ್ಲಿ ಮಹಾರಾಷ್ಟ್ರದ ಒಳನಾಡಿನಿಂದಲೂ ನಮ್ಮ ಉತ್ತರ ಕರ್ನಾಟಕದಿಂದಲೂ ಪುಣೆಗೆ ಬಂದ ಕುಟುಂಬಗಳ ಮೊಮ್ಮಕ್ಕಳು ಇಂದು ಇಲ್ಲಿನ ವಸ್ತಿಗಳಲ್ಲಿದ್ದಾರೆ. ಕಲ್ಲು ಒಡೆಯುವ ವಡ್ಡರು, ಕಾಂಕ್ರೀಟಿನ ಬುಟ್ಟಿ ಹೊರುವ ಲಮಾಣಿಗಳು, ಗಿಲಾವು ಮಾಡುವ ಗೌಂಡಿಗಳು ಇವರಲ್ಲಿದ್ದಾರೆ. ಯರವಡಾದ ವಸ್ತಿಗಳಲ್ಲೊಂದರ ಹೆಸರೇ ವಡಾರ ವಸ್ತಿ. ಬೆಳಗಿನ ಎಂಟು ಗಂಟೆಗೆ ಪುಣೆಯ ಯಾವುದಾದರೊಂದು ಮಜೂರ ಅಡ್ಡೆಯ ಬಳಿ ಸ್ಕೂಟರ್ ನಿಲ್ಲಿಸಿ ಐದು ನಿಮಿಷ ಕಿವಿಗೊಟ್ಟರೆ, ನಮ್ಮ ಸಂಘದ ಸಭಾಗೃಹದಲ್ಲಿ ವರ್ಷಕ್ಕೊಮ್ಮೆ ಕೇಳುವುದಕ್ಕಿಂತ ಹೆಚ್ಚು ಕನ್ನಡ ಕೇಳುತ್ತದೆ. ಹಿರಿಯರ ಬಾಯಲ್ಲಿ 'ಎಲ್ಲಿಂದಲೋ ಬಂದವರು' ಆಗಿರುವವರಲ್ಲಿ ಅನೇಕರು ನಾವು ಯಾವ ನಾಡಿನ ಹೆಸರಿನಲ್ಲಿ ಹಬ್ಬ ಮಾಡಿದೆವೋ ಆ ನಾಡಿನಿಂದಲೇ ಬಂದವರು.

ಈ ಲೇಖನಕ್ಕೆ ಮೊದಲು ನಾಲ್ಕು ರವಿವಾರ ನಾನು ಅಂಥ ಒಂದು ವಸ್ತಿಗೆ ಹೋಗಿದ್ದೆ. ಅಲ್ಲಿ ಅಫಜಲಪುರ ತಾಲೂಕಿನ ಒಬ್ಬ ಹೆಣ್ಣುಮಗಳ ಪರಿಚಯವಾಯಿತು. ವಯಸ್ಸು ಐವತ್ತರ ಆಸುಪಾಸು. ಗಂಡ ಗಿಲಾವಿನ ಕೆಲಸದವನಾಗಿದ್ದು ಕೆಲವು ವರ್ಷಗಳ ಹಿಂದೆ ತೀರಿಹೋದ. ಆಕೆ ನಾಲ್ಕು ಮನೆಗಳ ಮುಸುರೆ ತಿಕ್ಕುತ್ತಾಳೆ. ವಸ್ತಿಯನ್ನು ಕೆಡವಿ ಕಟ್ಟಡ ಎಬ್ಬಿಸುವ ಸರ್ವೆ ನಡೆಯುತ್ತಿತ್ತು. "ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇನವ್ವಾ?" ಎಂದು ಕೇಳಿದೆ. "ಪಟ್ಟ್ಯಾಗ ಮಾಲಕನ ಹೆಸರೈತ್ರಿ ಸಾಹೇಬ್ರ. ನಾವು ಬಾಡಗಿಯವ್ರು. ಇಪ್ಪತ್ತೆರಡು ವರ್ಷ ಆತು, ಕೈಯಾಗ ಒಂದು ಚೀಟಿ ಇಲ್ಲ" ಎಂದಳು. ದೂರಿನ ದನಿ ಇರಲಿಲ್ಲ. ಮಳೆ ಬಂದಿತು ಎಂದು ಹೇಳುವ ಹಾಗೆ ಹೇಳಿದಳು.

ಈ ಚೀಟಿಯ ಕಥೆಯನ್ನು ನಾವು ತಿಳಿದುಕೊಳ್ಳಬೇಕು. ಝೋಪಡಪಟ್ಟಿ ಪುನರ್ವಸತಿಯ ಯೋಜನೆ 1995ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಪುಣೆ ಮತ್ತು ಪಿಂಪ್ರಿ-ಚಿಂಚವಡಕ್ಕಾಗಿ ಪ್ರತ್ಯೇಕ ಪ್ರಾಧಿಕಾರ ಬಂದದ್ದು 2005ರಲ್ಲಿ. ಯಾರಿಗೆ ಮನೆ ಎಂಬುದನ್ನು ಒಂದು ತಾರೀಖು ನಿರ್ಧರಿಸುತ್ತದೆ. ಮೊದಲು ಅದು 1995ರ ಜನವರಿ 1 ಆಗಿತ್ತು, ಅನಂತರ 2000ರ ಜನವರಿ 1 ಆಯಿತು. ಅದಾದ ಮೇಲೆ 2011ರ ಜನವರಿ 1ರ ವರೆಗೆ ಬಂದವರು ಹಣ ಕೊಟ್ಟು ಮನೆ ಪಡೆಯಬಹುದೆಂದು ಸೇರಿಸಲಾಯಿತು. ಭಾರತದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದ ಪ್ರತಿ ನಾಗರಿಕನಿಗೂ ಕೊಟ್ಟಿದೆ. ಆದರೆ ಬಡವನಿಗೆ ಆ ಹಕ್ಕು ಸಿಗಬೇಕಾದರೆ ಅವನು ಒಂದು ತಾರೀಖಿಗೆ ಮೊದಲೇ ಬಂದಿದ್ದನೆಂದು, ಅದೂ ಕಾಗದದ ಮೂಲಕ, ತೋರಿಸಬೇಕು. ನಾನು ಸರಕಾರಿ ವರ್ಗಾವಣೆಯ ಮೇಲೆ ಪುಣೆಗೆ ಬಂದವನು. ನೀವು ಯಾವ ತಾರೀಖಿಗೆ ಬಂದಿರಿ ಎಂದು ನನ್ನನ್ನು ಇಂದಿನವರೆಗೆ ಯಾರೂ ಕೇಳಿಲ್ಲ.

ಇನ್ನೊಂದು ಗಡಿಯೂ ಇದೆ. ಲಮಾಣಿಗಳೂ ಭೋವಿಗಳೂ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರುತ್ತಾರೆ. ಮಹಾರಾಷ್ಟ್ರದಲ್ಲಿ ಬಂಜಾರರೂ ವಡಾರರೂ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿಲ್ಲ, ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಒಂದು ರಾಜ್ಯದ ಜಾತಿ ಸ್ಥಾನಮಾನ ವಲಸೆ ಹೋದವನ ಜೊತೆಗೆ ಮತ್ತೊಂದು ರಾಜ್ಯಕ್ಕೆ ಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹೀಗೆ ಗಡಿ ದಾಟಿದ ಕೂಲಿಕಾರ ಕಾಯಿದೆಯ ದೃಷ್ಟಿಯಲ್ಲಿ ಬೇರೆಯೇ ಮನುಷ್ಯನಾಗುತ್ತಾನೆ. ಅಂಬೇಡ್ಕರ್ ಅವರು ಸಹಿ ಹಾಕಿದ 1932ರ ಪುಣೆ ಕರಾರು ರೂಪುಗೊಂಡದ್ದು ಇದೇ ಯರವಡಾದ ಕಾರಾಗೃಹದಲ್ಲಿ ಎಂಬುದನ್ನು ನೆನೆದರೆ ಈ ವಿಪರ್ಯಾಸ ಇನ್ನಷ್ಟು ಚುಚ್ಚುತ್ತದೆ.

ಹೊರಗಿನವರು ಎಂಬ ಪದವನ್ನು ಬಳಸುವಾಗ ನಮಗೆ ನಮ್ಮ ಇತಿಹಾಸವೂ ನೆನಪಿರಬೇಕು. 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಕ್ಷಿಣದಿಂದ ಬಂದ ನಾವೇ. ನಗರದ ಸ್ವರೂಪ ಕೆಡಿಸಿದವರು, ನೌಕರಿಗಳನ್ನು ಕಸಿದವರು ಎಂಬ ಆರೋಪ ಅಂದು ನಮ್ಮ ಗುಮಾಸ್ತರ ಮೇಲೆ ಬಂದಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳು ಬಿದ್ದವು. ಅಂದು ನಮ್ಮತ್ತ ಬೀಸಿದ ಕಲ್ಲನ್ನು ಎತ್ತಿಟ್ಟುಕೊಂಡಿದ್ದು, ಇಂದು ನಮಗಿಂತ ಬಡವನಾದ ಕನ್ನಡಿಗನತ್ತ ನಾವೇ ಬೀಸುವುದು ಯಾವ ಸಂಸ್ಕೃತಿಯ ಲಕ್ಷಣ?

ಎರಡನೆಯ ಆರೋಪ, ಪುಕ್ಕಟೆ ಮನೆ. ಈ ಯೋಜನೆಯಲ್ಲಿ ಅರ್ಹನೆನಿಸಿದವನಿಗೆ ಸಿಗುತ್ತಿದ್ದ ಮನೆ ಮೊದಲು 225, ಅನಂತರ 269, ಆಮೇಲೆ 300 ಚದರ ಅಡಿ. ಅದಕ್ಕೆ ಅವನು ಹಣ ಕೊಡುವುದಿಲ್ಲ, ನಿಜ. ಆದರೆ ಅವನು ಬಿಟ್ಟುಕೊಡುವುದೇನು? ದಶಕಗಳಿಂದ ತಾನು ನಿಂತಿದ್ದ ನೆಲವನ್ನು ಬಿಟ್ಟುಕೊಡುತ್ತಾನೆ. ನೂರು ಗುಡಿಸಲುಗಳ ನೆಲದ ಮೇಲೆ ಒಂದೇ ಎತ್ತರದ ಕಟ್ಟಡದಲ್ಲಿ ನೂರು ಕುಟುಂಬಗಳನ್ನು ಕೂಡಿಸಿದರೆ ಉಳಿದ ನೆಲ ಬರಿದಾಗುತ್ತದೆ. ಅಲ್ಲಿ ಮಾರಾಟದ ಮನೆಗಳನ್ನು ಕಟ್ಟುವ ಹಕ್ಕು ಬಿಲ್ಡರನದು. ಅಲ್ಲಿ ಹಿಡಿಸದ ಹಕ್ಕನ್ನು ಟಿಡಿಆರ್ ಎಂಬ ಕಾಗದವಾಗಿ ನಗರದ ಬೇರೆ ಕಡೆ ಮಾರಬಹುದು. ಸರಕಾರ ತನ್ನ ಬೊಕ್ಕಸದಿಂದ ಮನೆ ಕೊಡುತ್ತಿದೆಯೆಂಬುದು ತಪ್ಪು ತಿಳುವಳಿಕೆ. ಗುಡಿಸಲಿನವನ ನೆಲದ ಬೆಲೆಯಿಂದಲೇ ಅವನ ಮನೆಯ ಖರ್ಚೂ ಬಿಲ್ಡರನ ಲಾಭವೂ ಹುಟ್ಟುತ್ತವೆ.

ಹಾಗಾದರೆ ಬೊಕ್ಕಸದಿಂದ ನಿಜವಾಗಿ ಯಾರಿಗೆ ಕೊಡಲಾಯಿತು? ನಾನು ತೆರಿಗೆ ಇಲಾಖೆಯವನಲ್ಲ. ಆದರೆ ಕಾಯಿದೆಯ ಭಾಷೆಯನ್ನು ಓದುವುದು ನನ್ನ ವೃತ್ತಿಯ ಭಾಗ. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ 80-ಐಬಿ(10) ಎಂಬ ಉಪವಿಧಿಯಿತ್ತು. 2008ರ ಮಾರ್ಚ್ 31ರೊಳಗೆ ಮಂಜೂರಾತಿ ಪಡೆದ ವಸತಿ ಯೋಜನೆಗಳ ಲಾಭದ ಮೇಲೆ ಶೇಕಡಾ 100 ವಿನಾಯಿತಿ. ಷರತ್ತು ಮನೆಯ ಅಳತೆಯದು: ದಿಲ್ಲಿ, ಮುಂಬಯಿಗಳಲ್ಲಿ 1000 ಚದರ ಅಡಿ, ಉಳಿದೆಡೆ 1500 ಚದರ ಅಡಿ ಮೀರಬಾರದು. ಪುಣೆ 'ಉಳಿದೆಡೆ'ಯಲ್ಲಿ ಬರುತ್ತಿತ್ತು. 1500 ಚದರ ಅಡಿಯ ಮನೆಯನ್ನು ಪುಣೆಯಲ್ಲಿ ಕೊಂಡ ಬಡವ ಯಾರೆಂದು ಬಲ್ಲವರು ಹೇಳಬೇಕು. 2016ರಲ್ಲಿ 80-ಐಬಿಎ ಬಂದಿತು, ಈ ಸಲ 'ಕೈಗೆಟಕುವ ಮನೆ' ಎಂಬ ಹೆಸರಿನೊಡನೆ. ಪುಣೆಯಂಥ ನಗರಗಳಲ್ಲಿ ಮೊದಲು 60 ಚದರ ಮೀಟರ್. 2019ರ ಸೆಪ್ಟೆಂಬರ್ 1ರಿಂದ ಮಂಜೂರಾದ ಯೋಜನೆಗಳಿಗೆ 90 ಚದರ ಮೀಟರ್ ಮತ್ತು 45 ಲಕ್ಷ ರೂಪಾಯಿಯ ಮಿತಿ. 2022ರ ಮಾರ್ಚ್ 31ರ ವರೆಗೆ ಮಂಜೂರಾದವುಗಳಿಗೆ ಈ ಬಾಗಿಲು ತೆರೆದಿತ್ತು. ಇದರ ಜೊತೆಗೆ, ಇಂಥ ಮನೆಗಳ ಮೇಲಿನ ಜಿಎಸ್‌ಟಿಯನ್ನು 2019ರ ಏಪ್ರಿಲ್ 1ರಿಂದ ಶೇಕಡಾ 1ಕ್ಕೆ ಇಳಿಸಲಾಯಿತು.

ಈಗ ಒಂದು ಸಣ್ಣ ಲೆಕ್ಕ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಪ್ರಕಾರ ಆರ್ಥಿಕವಾಗಿ ದುರ್ಬಲ ಕುಟುಂಬವೆಂದರೆ ವರ್ಷಕ್ಕೆ 3 ಲಕ್ಷ ರೂಪಾಯಿಯೊಳಗಿನ ಆದಾಯದ್ದು, ಅಂದರೆ ತಿಂಗಳಿಗೆ 25,000. 45 ಲಕ್ಷದ ಮನೆಗೆ 9 ಲಕ್ಷವನ್ನು ಕೈಯಿಂದ ಹಾಕಿ, ಉಳಿದ 36 ಲಕ್ಷವನ್ನು ಶೇಕಡಾ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಾಲ ತೆಗೆದರೆ ತಿಂಗಳ ಕಂತು ಸುಮಾರು 31,000 ರೂಪಾಯಿ. ಒಂದೇ ಸರಕಾರದ ಒಂದು ಇಲಾಖೆ ಬಡವನ ಆದಾಯ 25,000 ಎನ್ನುತ್ತದೆ. ಇನ್ನೊಂದು ಇಲಾಖೆ ಅವನ ಕೈಗೆಟಕುವ ಮನೆಯ ಕಂತು 31,000 ಆಗಬಹುದೆನ್ನುತ್ತದೆ. ಒಬ್ಬನಿಗೆ ಒಂದೇ ಮನೆ ಎಂಬ ನಿಬಂಧನೆಯನ್ನು ಬಿಟ್ಟರೆ, ಕೊಳ್ಳುವವನ ಆದಾಯವೆಷ್ಟು, ಅವನು ಯಾರು ಎಂಬ ಪ್ರಶ್ನೆ 80-ಐಬಿಎದಲ್ಲಿ ಎಲ್ಲಿಯೂ ಇರಲಿಲ್ಲ. ಬಿಲ್ಡರನ ಹತ್ತಿರ ರಾಜ್ಯ ಗೋಡೆಗಳ ಅಳತೆ ಕೇಳಿತು, ಬೆಲೆ ಕೇಳಿತು. ಅಫಜಲಪುರದ ಆ ಹೆಣ್ಣುಮಗಳ ಹತ್ತಿರ ತಾರೀಖು ಕೇಳಿತು. ಒಬ್ಬನಿಗೆ ಅಳತೆಪಟ್ಟಿ, ಇನ್ನೊಬ್ಬಳಿಗೆ ಪಂಚಾಂಗ: ನಮ್ಮ ವಸತಿ ನೀತಿಯ ಅನ್ಯಾಯವೆಲ್ಲ ಇದರಲ್ಲಿದೆ.

ಪುಕ್ಕಟೆಯ ಮಾತು ಬಂದಾಗ ನನ್ನದನ್ನೂ ಹೇಳಬೇಕು. ಸುಮಾರು ಮೂವತ್ತು ವರ್ಷದ ನೌಕರಿಯಲ್ಲಿ ಬಹುಪಾಲು ನಾನು ಕೇಂದ್ರ ಸರಕಾರದ ಕ್ವಾರ್ಟರ್ಸುಗಳಲ್ಲಿ ಇದ್ದವನು. ನಗರದ ನಡುವೆ ಮರಗಳ ನೆರಳಿನಲ್ಲಿರುವ ಆ ಮನೆಗಳಿಗೆ ನಾನು ಕೊಟ್ಟ ಲೈಸೆನ್ಸ್ ಶುಲ್ಕವನ್ನು ಹೊರಗಿನ ಬಾಡಿಗೆಯೊಡನೆ ಹೋಲಿಸಿದರೆ ನಾಚಿಕೆಯಾಗುತ್ತದೆ. ಸ್ವಂತ ಮನೆಗೆ ಸಾಲ ಮಾಡಿದ ನಮ್ಮ ಸದಸ್ಯರು ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಯ ಮೇಲೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಪಡೆದವರು. ಇವನ್ನು ನಾವು ಯಾರೂ ಪುಕ್ಕಟೆ ಎನ್ನುವುದಿಲ್ಲ, ಸೌಲಭ್ಯ ಎನ್ನುತ್ತೇವೆ. ಗೋಖಲೆನಗರ ಹೇಗೆ ಆಯಿತು? 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆ ಮುಳುಗಿದಾಗ, ಮನೆ ಕಳೆದುಕೊಂಡವರಿಗಾಗಿ ಸರಕಾರ ಇಂಥ ಬಡಾವಣೆಗಳನ್ನು ನಿರ್ಮಿಸಿತು. ಅದರಿಂದ ನಗರದ ಸ್ವರೂಪ ಕೆಟ್ಟಿತೆಂದು ಇಂದು ಯಾರೂ ಹೇಳುವುದಿಲ್ಲ. ಮಧ್ಯಮವರ್ಗಕ್ಕೆ ಬಂದ ನೆರವು ಕಾಲಾಂತರದಲ್ಲಿ ಹಕ್ಕಾಗುತ್ತದೆ. ಬಡವನಿಗೆ ಬಂದ ಹಕ್ಕು ಎಂದೆಂದಿಗೂ ಭಿಕ್ಷೆಯಾಗಿಯೇ ಉಳಿಯುತ್ತದೆ.

ಮೂರನೆಯದು, ಸ್ವರೂಪ. ಬಡಾವಣೆಯ ಸ್ವರೂಪ ಬದಲಾಗಿದೆ, ಒಪ್ಪುತ್ತೇನೆ. ಆದರೆ ಬದಲಾಯಿಸಿದವರು ಯಾರು? ಐಟಿ ಪಾರ್ಕುಗಳೂ ಕಲ್ಯಾಣಿನಗರದ ಗೋಪುರಗಳೂ ಬಂದಮೇಲೆ ಯರವಡಾದ ನೆಲದ ಬೆಲೆ ಏರಿತು. ಬೆಲೆ ಏರಿದ ಮೇಲೆಯೇ ಅಲ್ಲಿನ ವಸ್ತಿಗಳು ಪುನರ್ವಸತಿಗೆ ಯೋಗ್ಯವೆಂದು ಬಿಲ್ಡರರಿಗೆ ಕಾಣತೊಡಗಿದವು. ಬೆಲೆಯಿಲ್ಲದ ನೆಲದ ಮೇಲಿನ ಝೋಪಡಪಟ್ಟಿಯನ್ನು ಅವರು ಯಾರೂ ಕೇಳುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಬಾಡಿಗೆಯವರು ವಾಘೋಲಿ, ಲೋಹಗಾಂವಗಳ ಆಚೆಗೆ ಹೋಗುತ್ತಾರೆ. ಪಟ್ಟಿಯಲ್ಲಿರುವವರು ಮೇಲಿನ ಅಂತಸ್ತಿಗೆ ಏರುತ್ತಾರೆ. ಲಿಫ್ಟು, ಪಂಪುಗಳ ಖರ್ಚು ತಾಳಲಾರದೆ ಕೆಲವರು ಮನೆಯನ್ನು ಬಾಡಿಗೆಗೆ ಕೊಟ್ಟು ಮತ್ತೊಂದು ವಸ್ತಿಗೆ ಇಳಿಯುತ್ತಾರೆ. ಹತ್ತು ವರ್ಷ ಮಾರಬಾರದೆಂಬ ನಿರ್ಬಂಧವಿತ್ತು. 2023ರಲ್ಲಿ ಅದನ್ನೂ ಐದಕ್ಕೆ ಇಳಿಸಲಾಯಿತು. ನಾನು ಹೋಗುತ್ತಿದ್ದ ವಸ್ತಿಯ ಮೂಲೆಯಲ್ಲಿ ಜೋಳ ಬೀಸುವ ಗಿರಣಿಯೊಂದಿದೆ. ಸಂಜೆ ಅಲ್ಲಿ ಡಬ್ಬಿ ಹಿಡಿದು ನಿಂತ ಹೆಂಗಸರ ಮಾತು ಕನ್ನಡ, ಮರಾಠಿ, ಲಂಬಾಣಿ, ವಡ್ಡರ ತೆಲುಗು ಕಲೆತ ಒಂದು ಹೊಸ ಭಾಷೆ. ಭಾಷಾವಿಜ್ಞಾನಕ್ಕೆ ಹೆಸರಾದ ಡೆಕ್ಕನ್ ಕಾಲೇಜು ಇದೇ ಯರವಡಾದಲ್ಲಿದೆ. ಅದರ ವಿದ್ವಾಂಸರಿಗೆ ಇದಕ್ಕಿಂತ ಹತ್ತಿರದ ಕ್ಷೇತ್ರಕಾರ್ಯ ಎಲ್ಲಿ ಸಿಕ್ಕೀತು? ಹನ್ನೊಂದು ಅಂತಸ್ತಿನ ನಕಾಶೆಯಲ್ಲಿ ಆ ಗಿರಣಿಗೆ ಜಾಗ ಎಲ್ಲಿ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಕೆಟ್ಟಿರುವ ಸ್ವರೂಪ ಇದು.

ಇದಕ್ಕೆ ಬೇರೆ ದಾರಿ ಇರಲಿಲ್ಲವೆಂದು ಹೇಳುವಂತಿಲ್ಲ. ಯರವಡಾದಲ್ಲಿಯೇ ಬೇರೆ ದಾರಿಯೊಂದನ್ನು ತುಳಿದು ನೋಡಲಾಗಿದೆ. 2005ರ ಡಿಸೆಂಬರಿನಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಹಣದಿಂದ ವಡಾರ ವಸ್ತಿ, ನೇತಾಜಿನಗರ, ಭಾಟನಗರ, ಮದರ್ ತೆರೆಸಾ ನಗರ ಮೊದಲಾದ ಏಳು ವಸ್ತಿಗಳಲ್ಲಿ, ಕಚ್ಚಾ ಮನೆ ಇದ್ದ ಜಾಗದಲ್ಲೇ ಸುಮಾರು 270 ಚದರ ಅಡಿಯ ಪಕ್ಕಾ ಮನೆಗಳನ್ನು ಕಟ್ಟುವ ಕೆಲಸವನ್ನು ಸ್ಪಾರ್ಕ್ ಮತ್ತು ಮಹಿಳಾ ಮಿಲನ್ ಸಂಸ್ಥೆಗಳು, ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿ ಅವರೊಡನೆ ಕೈಗೊಂಡವು. ಮೊದಲೇ ಪಕ್ಕಾ ಇದ್ದ ಮನೆಗಳನ್ನು ಕೆಡವಲಿಲ್ಲ. ಓಣಿ ಓಣಿಯಾಗಿ, ನೆರೆಹೊರೆ ನೆರೆಹೊರೆಯಾಗಿ ಉಳಿಯಿತು. 3 ಲಕ್ಷ ರೂಪಾಯಿಯ ಮನೆಯಲ್ಲಿ ಕೇಂದ್ರದ ಪಾಲು ಶೇಕಡಾ 50, ರಾಜ್ಯದ್ದು 30, ಪಾಲಿಕೆಯದು 10, ಕುಟುಂಬದ್ದು 10. ಅದು ದೋಷರಹಿತವೇನೂ ಆಗಿರಲಿಲ್ಲ. ಸ್ವಂತ ಗುಡಿಸಲೂ ಇಲ್ಲದವರ ಪ್ರಶ್ನೆ ಅಲ್ಲಿಯೂ ಉಳಿದುಕೊಂಡಿತು. ಆದರೂ ಮನೆ ಮೇಲಾಗಬೇಕಾದರೆ ಮನುಷ್ಯ ಜಾಗ ಖಾಲಿ ಮಾಡಬೇಕಾಗಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ಬಿಲ್ಡರನಿಗೆ ಮಾರಲು ನೆಲ ಉಳಿಯದ ಆ ಮಾದರಿ ನಗರದ ನೀತಿಯಾಗಲಿಲ್ಲ ಎಂಬುದರಲ್ಲಿ ಆಶ್ಚರ್ಯವೂ ಇಲ್ಲ.

ತೆರಿಗೆ ವಿನಾಯಿತಿ ಎಂಬ ಉಪಾಯವೇ ಕೆಟ್ಟದ್ದೆಂದು ನನ್ನ ವಾದವಲ್ಲ. ಬಂಡವಾಳಶಾಹಿಯ ತವರಾದ ಅಮೆರಿಕದಲ್ಲಿ 1986ರ ತೆರಿಗೆ ಸುಧಾರಣಾ ಕಾಯಿದೆ ಇಂಥದೇ ಒಂದು ರಿಯಾಯಿತಿಯನ್ನು ತಂದಿತು. ಆದರೆ ಅಲ್ಲಿ ಷರತ್ತು ಗೋಡೆಗೆ ಸಂಬಂಧಿಸಿದ್ದಲ್ಲ. ನಿಗದಿಯಾದಷ್ಟು ಮನೆಗಳನ್ನು, ಆ ಪ್ರದೇಶದ ಮಧ್ಯಮ ಆದಾಯದ ಶೇಕಡಾ 50 ಅಥವಾ 60ಕ್ಕಿಂತ ಕಡಿಮೆ ಆದಾಯದವರಿಗೆ, ಮಿತಿಯೊಳಗಿನ ಬಾಡಿಗೆಗೆ ಕೊಡಬೇಕು. ಮೊದಲು 15 ವರ್ಷಗಳಿದ್ದ ಅವಧಿಯನ್ನು ಆಮೇಲೆ 30ಕ್ಕೆ ಏರಿಸಿದರು. ಮಾಲೀಕ ಷರತ್ತು ಮುರಿದರೆ ರಿಯಾಯಿತಿಯನ್ನು ಹಿಂದಕ್ಕೆ ಪಡೆಯಬಹುದು. ಅಲ್ಲಿಯೂ ರೋಗಗಳಿವೆ: ಡಲ್ಲಾಸ್ ನಗರದಲ್ಲಿ ಇಂಥ ಮನೆಗಳನ್ನು ಕಪ್ಪು ಜನರ ಬಡಾವಣೆಗಳಲ್ಲೇ ಹೆಚ್ಚಾಗಿ ಮಂಜೂರು ಮಾಡಿ, ಬಿಳಿಯರ ಉಪನಗರಗಳನ್ನು 'ಕೆಡದಂತೆ' ಕಾಪಾಡಲಾಗಿದೆ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಉದ್ದೇಶ ಸಿದ್ಧವಾಗದಿದ್ದರೂ ಪರಿಣಾಮದಲ್ಲಿ ತಾರತಮ್ಯವಿದ್ದರೆ ಪ್ರಶ್ನಿಸಬಹುದೆಂದು ಆ ನ್ಯಾಯಾಲಯ 2015ರಲ್ಲಿ ಹೇಳಿತು. ನಮ್ಮ ಹಿರಿಯರ 'ಸ್ವರೂಪ'ಕ್ಕೂ ಡಲ್ಲಾಸಿನ ಉಪನಗರದ 'ಸ್ವರೂಪ'ಕ್ಕೂ ಇರುವ ನಂಟನ್ನು ಓದುಗರೇ ಗುರುತಿಸಬಲ್ಲರು.

ನಮ್ಮಲ್ಲಿ ಬಾಡಿಗೆಯ ಮನೆಯ ನೆನಪು ಸರಕಾರಕ್ಕೆ ಬಂದದ್ದು 2020ರಲ್ಲಿ, ಲಾಕ್‌ಡೌನಿನಲ್ಲಿ ಕೂಲಿಕಾರರು ಹೆದ್ದಾರಿಗಳ ಮೇಲೆ ನಡೆಯತೊಡಗಿದಾಗ. ಆ ವರ್ಷದ ಜುಲೈಯಲ್ಲಿ ವಲಸಿಗರಿಗೆ ಬಾಡಿಗೆ ವಸತಿಯ ಯೋಜನೆಯೊಂದು ಮಂಜೂರಾಯಿತು. 2021ರಲ್ಲಿ 80-ಐಬಿಎ ವಿನಾಯಿತಿಯನ್ನು ಅಂಥ ವಸತಿಗೂ ಚಾಚಲಾಯಿತು. ಒಂದು ವರ್ಷ ಹಿಂದೆ, 2019ರ ಜೂನ್ 29ರಂದು, ಪುಣೆಯ ಕೊಂಢವಾದಲ್ಲಿ ವಸತಿ ಸಂಕೀರ್ಣವೊಂದರ ಕಾಂಪೌಂಡ್ ಗೋಡೆ ನಡುರಾತ್ರಿ ಕಳೆದ ಮೇಲೆ ಕುಸಿದು ಕಾರ್ಮಿಕರ ತಗಡಿನ ಶೆಡ್ಡುಗಳ ಮೇಲೆ ಬಿದ್ದಾಗ 15 ಜನ ಸತ್ತಿದ್ದರು, ಹೆಚ್ಚಿನವರು ಬಿಹಾರದವರು. ಕಟ್ಟಡ ಕಾರ್ಮಿಕರಿಗೆ ಮಾಲೀಕನೇ ಉಚಿತ ತಾತ್ಕಾಲಿಕ ವಸತಿ ಒದಗಿಸಬೇಕೆಂದು 1996ರ ಕಾಯಿದೆ ವಿಧಿಸಿತ್ತು. ಒದಗಿಸಿದ್ದ ವಸತಿ ಆ ತಗಡು. ಅಂದು ಭೀಮೆಯ ಕಡೆಯವರು ಬಂದರು, ಇಂದು ಗಂಗೆಯ ಕಡೆಯವರು ಬರುತ್ತಿದ್ದಾರೆ. ನಾಳೆ ಅವರನ್ನೂ 'ಎಲ್ಲಿಂದಲೋ ಬಂದವರು' ಎನ್ನಲು ಒಂದು ಪಂಕ್ತಿ ಸಿದ್ಧವಾಗಿರುತ್ತದೆ.

ಹಾಗಾದರೆ ಸಂಘ ಏನು ಮಾಡಬೇಕು? ನಮ್ಮದು ರಾಜಕೀಯ ಪಕ್ಷವಲ್ಲ, ನಿಜ. ಆದರೆ ನಮ್ಮಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಬ್ಯಾಂಕಿನವರಿದ್ದಾರೆ, ನನ್ನಂಥ ಕಡತದ ಹುಳುಗಳಿದ್ದಾರೆ. ಕಾಗದವೇ ನಮ್ಮ ವಿದ್ಯೆ. ಸರ್ವೆ ನಡೆಯುವ ವಸ್ತಿಗಳಲ್ಲಿ ರವಿವಾರ ಎರಡು ಗಂಟೆ ಕುಳಿತು, ಮರಾಠಿಯ ಅರ್ಜಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಮಗುವಿನ ಶಾಲೆಯ ದಾಖಲೆ, ಹಳೆಯ ರೇಶನ್ ಕಾರ್ಡು, ಕರೆಂಟಿನ ಬಿಲ್ಲು ಹುಡುಕಿ ಜೋಡಿಸಿಕೊಟ್ಟರೆ ಎಷ್ಟೋ ಹೆಸರುಗಳು ಪಟ್ಟಿಗೆ ಸೇರಿಯಾವು. ಮುಂದೆ ವಸತಿಗೆ ಎಂಥ ತೆರಿಗೆ ರಿಯಾಯಿತಿ ಬಂದರೂ ಅದನ್ನು ಒಳಗೆ ವಾಸಿಸುವವರ ಆದಾಯಕ್ಕೂ ಬಾಡಿಗೆಗೂ ಕಟ್ಟಿಹಾಕಬೇಕೆಂದು, ಪುನರ್ವಸತಿಯಲ್ಲಿ ಬಾಡಿಗೆದಾರರನ್ನೂ ಎಣಿಸಬೇಕೆಂದು ನಮ್ಮ ವಾರ್ಷಿಕ ಸಭೆ ಒಂದು ಠರಾವು ಮಾಡಲಿ. ಠರಾವಿನಿಂದ ಸರಕಾರ ನಡುಗುವುದಿಲ್ಲ. ಆದರೆ ನಾವು ಯಾರ ಪಕ್ಕದಲ್ಲಿ ನಿಂತಿದ್ದೇವೆ ಎಂಬುದು ಬರವಣಿಗೆಯಲ್ಲಿ ಉಳಿಯುತ್ತದೆ.

ಕೊನೆಯ ರವಿವಾರ ಹೊರಡುವಾಗ ಆ ತಾಯಿಗೆ ನಮ್ಮ ಸಂಘದ ರಾಜ್ಯೋತ್ಸವಕ್ಕೆ ಬನ್ನಿ ಎಂದೆ. "ಎಲ್ಲಿರ್ತದ್ರಿ ಅದು?" ಎಂದು ಕೇಳಿದಳು. ಸಭಾಗೃಹದ ವಿಳಾಸ ಹೇಳಿದೆ. ಆಕೆ ನಕ್ಕಳು. ಆ ಸಭಾಗೃಹದ ಎದುರು ಓಣಿಯ ಎರಡು ಮನೆಗಳಲ್ಲಿ ಆಕೆ ಎಂಟು ವರ್ಷ ಕೆಲಸ ಮಾಡಿದ್ದಳಂತೆ. ಒಳಗೆ ಕನ್ನಡದ ಹಾಡು ಕೇಳಿದಾಗಲೆಲ್ಲ ಗೇಟಿನ ಹೊರಗೆ ನಿಂತು ಕೇಳಿ ಹೋಗುತ್ತಿದ್ದಳಂತೆ. ಬರುವ ನವೆಂಬರಿನಲ್ಲಿ ಆಕೆಯನ್ನು ಒಳಗೆ ಕರೆದು ಕೂರಿಸುವ ಹೊಣೆ ನನ್ನದು. ಪಂಕ್ತಿಯಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುವ ಹೊಣೆ ನಿಮ್ಮದು.